ಹೆಸರು ಕರೆಯೋ ಕೆಲಸ: ಯಾಂಕೀ ಸ್ಟೇಡಿಯಂನ ಬಾಬ್ ಶೆಪರ್ಡ್

(ಇಲ್ಲಿ ಅಮೆರಿಕದಲ್ಲಿ ನಮ್ಮೂರ ಕನ್ನಡದವರು ಸೇರಿದ್ದಾಗ ಮಾತಾಡಿದ್ದು ಇದು. ಬರೋಕಾಗದೆ ಇದ್ದವ್ರು ಕೇಳಿದ್ರು ಅಂತ ಬರೆದು ಹಾಕ್ತಿದೀನಿ, ಮಾತಾಡಿದ ಹಾಗೇ ಇದೆ, ಅಲ್ಲಲ್ಲಿ ಸ್ವಲ್ಪ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್ ಬಗ್ಗೆ ಮಾತಾಡ್ತೀನಿ ಅಂದಾಗ ಹಿಂದಿನ ಸಾಲಿನವ್ರು ಆಗಲೇ ಕಾಫಿ ಕಡೆ ನೋಡೋಕೆ ಶುರು ಮಾಡಿದ್ರು. ಗಾಬರಿ ಆಗ್ಬೇಡಿ, ನಾನು ಆಟದ ಬಗ್ಗೆ ಜಾಸ್ತಿ ಕೊರೆಯಲ್ಲ. ಆಟಗಾರನ ಬಗ್ಗೇನೂ ಅಲ್ಲ. ಒಂದು ಬಾಲ್ ಎಸೀದೆ, ಒಂದು ಬಾಲ್ ಹೊಡೀದೆ, ನ್ಯೂಯಾರ್ಕಿನ ಯಾಂಕೀಸ್ ಟೀಮಿನ ತವರು ಮೈದಾನ ಯಾಂಕೀ ಸ್ಟೇಡಿಯಂನಲ್ಲಿ 56 ವರ್ಷ ಮೈಕ್ ಮುಂದೆ ಕೂತು ಬೇರೆಯವರ ಹೆಸರು ಕರೆದ ಒಬ್ಬ ಮೇಷ್ಟ್ರ ಬಗ್ಗೆ ಹೇಳ್ತೀನಿ. ಬಾಬ್ ಶೆಪರ್ಡ್ ಅಂತ. 1910ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ್ರು, ನೂರು ತುಂಬೋಕೆ ಮೂರೇ ತಿಂಗಳು ಬಾಕಿ ಇತ್ತು.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಅನೌನ್ಸರ್ ಅಂದ ತಕ್ಷಣ ನಮಗೆ ನೆನಪಾಗೋದು ಕಾಮೆಂಟರಿ. ರೇಡಿಯೋಲಿ, ಟೀವೀಲಿ ಮನೇಲಿ ಕೂತೋರಿಗೆ ಆಟ ವರ್ಣಿಸೋರು. ಯಾಂಕೀಸ್‌ಗೆ ಅಂಥವರು ಬೇರೆ ಇದ್ರು, ಮೆಲ್ ಆಲೆನ್ ಅಂತ ಬಹಳ ದೊಡ್ಡ ಹೆಸರು. ಶೆಪರ್ಡ್ ಅವರದ್ದು ಪಬ್ಲಿಕ್ ಅಡ್ರೆಸ್, ಅಂದ್ರೆ ಸ್ಟೇಡಿಯಂ ಒಳಗಿರೋ ಸ್ಪೀಕರ್‌ಗಳಲ್ಲಿ ಬರೋ ದನಿ. ಟಿಕೆಟ್ ತಗೊಂಡು ಒಳಗೆ ಬಂದವರಿಗೆ ಮಾತ್ರ. ಈಗ ಬ್ಯಾಟಿಂಗ್‌ಗೆ ಯಾರು ಬರ್ತಿದಾರೆ, ಪಿಚರ್, ಅಂದ್ರೆ ಬಾಲ್ ಎಸೆಯೋರು, ಬದಲಾಗಿದಾರಾ, ಯಾರ ಬದಲು ಯಾರು, ಇಷ್ಟೇ. ಆಟ ಚೆನ್ನಾಗಿತ್ತು, ಕೆಟ್ಟದಾಗಿತ್ತು ಅನ್ನೋಕೆ ಅವರಿಗೆ ಅಧಿಕಾರಾನೇ ಇಲ್ಲ. ಕೂಪರ್ಸ್‌ಟೌನ್‌ನಲ್ಲಿರೋ ಬೇಸ್‌ಬಾಲ್ ಹಾಲ್ ಆಫ್ ಫೇಮ್ ರೇಡಿಯೊ, ಟೀವಿಯವರಿಗೆ 1978ರಿಂದ ಫೋರ್ಡ್ ಫ್ರಿಕ್ ಪ್ರಶಸ್ತಿ ಕೊಡ್ತಾ ಬಂದಿದೆ, ಮೊದಲ ವರ್ಷವೇ ಮೆಲ್ ಆಲೆನ್‌ಗೂ ಸಿಕ್ತು. ಸ್ಟೇಡಿಯಂ ಅನೌನ್ಸರ್‌ಗಳಿಗೆ ಅಂಥದ್ದೇನಿಲ್ಲ. ಆದ್ರೂ ಶೆಪರ್ಡ್ ಅರ್ಧ ಶತಮಾನ ಬಳಸಿದ ಮೈಕ್ ಅಲ್ಲಿಗೆ ಹೋಗಿದೆ. ಮನುಷ್ಯನಿಗೆ ಜಾಗ ಇಲ್ಲ, ಮೈಕ್‌ಗೆ ಇದೆ, ಇರ್ಲಿ ಬಿಡಿ.

ಈ ಕೆಲಸ ಹೇಗೆ ಶುರುವಾಯ್ತು ಅಂತ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಮಜಾ ಇದೆ. ಶಿಕಾಗೋಲಿ ಕಬ್ಸ್ ಟೀಮಿಗೆ ಪ್ಯಾಟ್ ಪೀಪರ್ ಅಂತ ಒಬ್ರು ಇದ್ರು, 1916ರಲ್ಲಿ ಶುರು ಮಾಡಿದ್ರು, ಆಗ ಸ್ಪೀಕರ್ ಎಲ್ಲಿತ್ತು, ಕೈಲಿ ದೊಡ್ಡ ಮೆಗಾಫೋನ್ ಹಿಡ್ಕೊಂಡು ಫೌಲ್ ಲೈನ್ ಪಕ್ಕ ಆ ಕಡೆಯಿಂದ ಈ ಕಡೆಗೆ ಓಡಾಡ್ತಾ ಕೂಗೋದು. ಪೆನ್ಸಿಲ್ಲು, ಸ್ಕೋರ್‌ಕಾರ್ಡು ರೆಡಿ ಇಟ್ಕೊಳ್ಳಿ, ಇವತ್ತಿನ ಸರಿಯಾದ ಲೈನ್‌ಅಪ್, ಅಂದ್ರೆ ಆಡೋರ ಪಟ್ಟಿ, ಹೇಳ್ತೀನಿ ಅಂತ ಶುರು ಮಾಡ್ತಿದ್ರಂತೆ. 1974ರಲ್ಲಿ ಸಾಯೋವರೆಗೂ ಅದೇ ಕೆಲಸ. ಇನ್ನು ನ್ಯೂಯಾರ್ಕಲ್ಲೇ ಬ್ರೂಕ್ಲಿನ್ ಡಾಡ್ಜರ್ಸ್‌ಗೆ ಟೆಕ್ಸ್ ರಿಕರ್ಡ್ಸ್ ಅಂತ ಇದ್ದ ಪುಣ್ಯಾತ್ಮ. ಜನ ಮುಂದಿನ ಕಟಕಟೆ ಮೇಲೆ ಕೋಟು ನೇತು ಹಾಕಿದ್ದಕ್ಕೆ, ಕಟಕಟೆ ಹತ್ರ ಇರೋರು ದಯವಿಟ್ಟು ನಿಮ್ಮ ಬಟ್ಟೆ ತೆಗೀರಿ ಅಂತ ಮೈಕಲ್ಲಿ ಹೇಳಿಬಿಟ್ಟಿದ್ದ. ಇನ್ನೊಂದ್ಸಲ, ಕಳೆದುಹೋದ ಹುಡುಗನೊಬ್ಬ ಸಿಕ್ಕಿದಾನೆ ಅನ್ನೋ ಬದಲು ಒಬ್ಬ ಹುಡುಗ ಕಳೆದುಹೋಗಿರೋದು ಪತ್ತೆಯಾಗಿದೆ ಅಂದಿದ್ದನಂತೆ. ಬ್ರೂಕ್ಲಿನ್‌ನವರಿಗೆ ಅವನ ಮೇಲೆ ಪ್ರಾಣ. ಅಂದ್ರೆ ಆಗಿನ ಕಾಲಕ್ಕೆ ಈ ಕೆಲಸ ಅಂದ್ರೆ ಗಂಟಲು ಇದ್ರೆ ಸಾಕು, ಭಾಷೆ ಹಿಂಗೋ ಹಂಗೋ ನಡೆಯುತ್ತೆ ಅನ್ನೋ ಲೆಕ್ಕ. ಅಂಥಾ ಜಾಗಕ್ಕೆ ಬಂದು ಕೂತಿದ್ದು ಒಬ್ಬ ಸ್ಪೀಚ್ ಟೀಚರ್.

ಶೆಪರ್ಡ್ ಕ್ವೀನ್ಸ್‌ನವರು. ಸೇಂಟ್ ಜಾನ್ಸ್ ಕಾಲೇಜಲ್ಲಿ ಓದುವಾಗ ಬೇಸ್‌ಬಾಲೂ ಆಡಿದ್ರು, ಅಮೆರಿಕನ್ ಫುಟ್‌ಬಾಲಲ್ಲಿ ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಬೇರೆ. ಆಮೇಲೆ ಕೊಲಂಬಿಯಾದಲ್ಲಿ ಸ್ಪೀಚ್ ವಿಷಯದಲ್ಲಿ ಮಾಸ್ಟರ್ಸ್, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆ, ಪೆಸಿಫಿಕ್‌ನಲ್ಲಿ ಸರಕು ಹಡಗಿನ ಮೇಲೆ ಗನ್ ಸಿಬ್ಬಂದಿಗೆ ಅಧಿಕಾರಿ. ವಾಪಸ್ ಬಂದ ಮೇಲೆ ಹೈಸ್ಕೂಲಲ್ಲಿ ಮಾತು ಕಲಿಸೋ ಮೇಷ್ಟ್ರು, ಮುಂದೆ ಸೇಂಟ್ ಜಾನ್ಸ್‌ನಲ್ಲೂ ಪಾಠ. ಸೈಡಲ್ಲಿ ಫುಟ್‌ಬಾಲ್ ಮ್ಯಾಚುಗಳಿಗೆ ಅನೌನ್ಸ್ ಮಾಡ್ತಿದ್ರು. 1948ರಲ್ಲಿ ಯಾಂಕೀಸ್‌ನ ದೊಡ್ಡ ಆಟಗಾರ ಬೇಬ್ ರೂತ್ ತೀರಿಕೊಂಡಾಗ ಅಂಥಾ ಒಂದು ಮ್ಯಾಚಲ್ಲಿ ಇವರು ಓದಿದ ಶ್ರದ್ಧಾಂಜಲಿ ಕೇಳಿ ಯಾಂಕೀಸ್‌ನವರು, ಬನ್ನಿ ನಮ್ಮಲ್ಲಿಗೆ ಅಂದ್ರು. ಇವರು ಆಗಲ್ಲ ಅಂದ್ರು. ಯಾಕೆ ಅಂದ್ರೆ ಬಹಳಷ್ಟು ಮ್ಯಾಚು ಹಗಲು ಹೊತ್ತು, ಹಗಲಲ್ಲಿ ಇವರಿಗೆ ಕ್ಲಾಸು. ಯಾಂಕೀ ಸ್ಟೇಡಿಯಂನಿಂದ ಕರೆ ಬಂದ್ರೆ ಕ್ಲಾಸಿದೆ ಬರಲ್ಲ ಅನ್ನೋ ಮನುಷ್ಯ! ಕೊನೆಗೆ ಕ್ಲಾಸಿದ್ದ ದಿನ ಬೇರೆಯವರನ್ನ ಕೂರಿಸ್ಕೊಳ್ಳಿ ಅನ್ನೋ ಒಪ್ಪಂದದ ಮೇಲೆ ಬಂದ್ರು. ಕೊನೇವರೆಗೂ ಅವರ ಪ್ರಕಾರ ಪಾಠವೇ ದೊಡ್ಡ ಕೆಲಸ, ಇದು ಆಮೇಲಿಂದು.

ಅವರ ಮೊದಲ ಪಂದ್ಯ 1951ರ ಏಪ್ರಿಲ್ 17, ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧ. ವಯಸ್ಸು ಆಗಲೇ ನಲವತ್ತು. ಆ ದಿನದ ಪಟ್ಟಿ ನೋಡಿದ್ರೆ ತಲೆ ತಿರುಗುತ್ತೆ. ಈ ಕಡೆ ಜೋ ಡಿಮಾಜಿಯೊ, ಯೋಗಿ ಬೆರಾ, ಫಿಲ್ ರಿಜ್ಜೂಟೊ, ಆ ಕಡೆ ಟೆಡ್ ವಿಲಿಯಮ್ಸ್, ಬಾಬಿ ಡೋರ್. ಡಿಮಾಜಿಯೊಗೆ ಅದೇ ಕೊನೆಯ ಸೀಸನ್. ಮತ್ತೆ ಅದೇ ದಿನ ಯಾಂಕೀಸ್‌ಗೆ ಹೊಸದಾಗಿ ಬಂದ ಹತ್ತೊಂಬತ್ತು ವರ್ಷದ ಹುಡುಗ ಮಿಕಿ ಮ್ಯಾಂಟಲ್. ಶೆಪರ್ಡ್‌ಗೂ ಮೊದಲ ದಿನ, ಮ್ಯಾಂಟಲ್‌ಗೂ ಮೊದಲ ದಿನ. ಹೇಳೋಕೆ ಅತೀ ಇಷ್ಟವಾದ ಹೆಸರು ಯಾವುದು ಅಂತ ಮುಂದೆ ಯಾರು ಕೇಳಿದ್ರೂ ಮಿಕಿ ಮ್ಯಾಂಟಲ್ ಅಂತಾನೇ ಅಂತಿದ್ರು, ಎರಡೂ ಮ ಅಕ್ಷರ ಒಂದರ ಹಿಂದೆ ಒಂದು ಬೀಳೋದು ಅವರ ಕಿವಿಗೆ ಹಿತ.

ಈಗ ಅವರು ಹೇಳ್ತಿದ್ದ ರೀತಿ. ಇದನ್ನ ಯೂಟ್ಯೂಬಲ್ಲಿ ಕೇಳಿ, ನಾನು ಮಾಡಿ ತೋರಿಸಿದ್ರೆ ನಗ್ತೀರಿ. ಬ್ಯಾಟರ್ ಮೊದಲ ಸಲ ಬಂದಾಗ ಯಾವ ಜಾಗದಲ್ಲಿ ಆಡ್ತಾನೆ ಅನ್ನೋದು, ನಂಬರು, ಹೆಸರು, ಮತ್ತೆ ನಂಬರು. ಸೆಂಟರ್ ಫೀಲ್ಡರ್, ನಂಬರ್ ಏಳು, ಮಿಕಿ ಮ್ಯಾಂಟಲ್, ನಂಬರ್ ಏಳು. ಅಷ್ಟೇ. ಎರಡನೇ ಸಲ ಬಂದಾಗ ಇನ್ನೂ ಚಿಕ್ಕದು, ಜಾಗ, ಹೆಸರು, ಮುಗೀತು. ನಂಬರ್ ಎರಡು ಸಲ ಯಾಕೆ ಅಂತ ನನಗೂ ಮೊದಲು ಅನ್ನಿಸ್ತಿತ್ತು. ಅಲ್ಲಿ ಜನ ಮಡಿಲಲ್ಲಿ ಸ್ಕೋರ್‌ಕಾರ್ಡ್ ಇಟ್ಕೊಂಡು ಪೆನ್ಸಿಲಲ್ಲಿ ಬರ್ಕೊತಾ ಕೂತಿರ್ತಾರೆ ನೋಡಿ, ಮೊದಲ ಸಲ ಪಕ್ಕದವನ ಹಾಟ್‌ಡಾಗ್ ಗಲಾಟೇಲಿ ಮಿಸ್ ಆದ್ರೆ ಎರಡನೇ ಸಲ ಸಿಗುತ್ತೆ. ದೂರದ ಸೀಟಿಂದ ಮುಖ ಕಾಣಲ್ಲ, ಬೆನ್ನಿನ ಮೇಲಿನ ನಂಬರೇ ಗತಿ.

ಮಧ್ಯ ಮಧ್ಯ ಅವರು ಬಿಡ್ತಿದ್ದ ಗ್ಯಾಪ್ ಬಗ್ಗೆ ಜನ ಬಹಳ ಭಕ್ತಿಯಿಂದ ಮಾತಾಡ್ತಾರೆ, ನನಗೆ ಅದರಲ್ಲಿ ಭಕ್ತಿಗಿಂತ ಫಿಸಿಕ್ಸ್ ಕಾಣುತ್ತೆ. ಹಳೇ ಯಾಂಕೀ ಸ್ಟೇಡಿಯಂನ ಸೆಂಟರ್ ಫೀಲ್ಡ್ ಬೇಲಿ ಒಂದು ಕಾಲಕ್ಕೆ ಬ್ಯಾಟರ್ ನಿಲ್ಲೋ ಹೋಮ್ ಪ್ಲೇಟಿಂದ 461 ಅಡಿ ದೂರ, ಅಂದ್ರೆ 140 ಮೀಟರ್. ಶಬ್ದ ಒಂದು ಸೆಕೆಂಡಿಗೆ ಹೋಗೋದು 340 ಮೀಟರ್ ಅಷ್ಟೇ. ಅಂದ್ರೆ ಆ ತುದಿಯ ಶಬ್ದ ಈ ತುದಿಗೆ ಬರೋಕೆ ಅರ್ಧ ಸೆಕೆಂಡಿಗೆ ಸ್ವಲ್ಪ ಕಮ್ಮಿ ಬೇಕು, ಜೊತೆಗೆ ಮೂರು ಅಂತಸ್ತಿನ ಕಾಂಕ್ರೀಟಿಗೆ ಬಡಿದು ವಾಪಸ್ ಬರೋದು ಬೇರೆ. ಒಂದೇ ಉಸಿರಲ್ಲಿ ಹೇಳಿದ್ರೆ ಹೆಸರಿನ ಮೇಲೆ ನಂಬರ್ ಬಿದ್ದು, ನಂಬರಿನ ಮೇಲೆ ಇನ್ನೊಂದು ಬಿದ್ದು ಎಲ್ಲಾ ಕಲಸುಮೇಲೋಗರ. 1939ರಲ್ಲಿ ಯಾಂಕೀಸ್ ಆಟಗಾರ ಲೂ ಗೆರಿಗ್ ಅದೇ ಮೈದಾನದಲ್ಲಿ ವಿದಾಯ ಹೇಳಿದ್ದರ ರೆಕಾರ್ಡಿಂಗ್ ಕೇಳಿದ್ರೆ ಒಂದೊಂದು ಮಾತೂ ತಿರುಗಿ ಬಂದು ಬಡಿಯೋದು ಕೇಳ್ಸುತ್ತೆ. ಶೆಪರ್ಡ್ ಆ ಪ್ರತಿಧ್ವನಿ ಸತ್ತ ಮೇಲೆ ಮುಂದಿನ ಮಾತು ಬಿಡ್ತಿದ್ರು. ಕ್ಲಾಸ್‌ರೂಮಿನ ಶಿಸ್ತು ಅದು, ಕೊನೇ ಬೆಂಚಿನವನಿಗೂ ಕೇಳ್ಬೇಕು.

ಸ್ಪಷ್ಟ, ಚಿಕ್ಕ, ಸರಿ. ಈ ಮೂರೇ ಅವರ ಸೂತ್ರ. ಮತ್ತೆ ಈ ಕೆಲಸದವನು ಚಿಯರ್‌ಲೀಡರ್ ಅಲ್ಲ, ಸರ್ಕಸ್ ಡೇರೆ ಮುಂದೆ ನಿಂತು ಕೂಗೋನಲ್ಲ, ತನ್ನೂರ ಟೀಮಿಗೋಸ್ಕರ ಕಿರುಚೋನೂ ಅಲ್ಲ, ವರದಿಗಾರ ಅಂತ ಹೇಳ್ತಿದ್ರು. ನನಗೆ ಇವರು ಇಷ್ಟವಾಗೋದು ಇಲ್ಲೇ. ನಮಗೆ ಗೊತ್ತಿರೋ ಹಳೇ ಅನೌನ್ಸರ್ ಯಾರು? ಆಸ್ಥಾನದಲ್ಲಿ ರಾಜ ಬರೋವಾಗ ಬಹುಪರಾಕ್ ಹೇಳೋನು. ಅವನ ಕೆಲಸವೇ ಒಬ್ಬನನ್ನ ಎತ್ತೋದು. ಇವತ್ತಿನ ಸ್ಟೇಡಿಯಂಗಳೂ ಅದೇ ದಾರಿ ಹಿಡಿದಿವೆ. ತೊಂಬತ್ತರ ದಶಕದಲ್ಲಿ ಬಾಸ್ಕೆಟ್‌ಬಾಲ್ ಟೀಮ್ ಶಿಕಾಗೋ ಬುಲ್ಸ್‌ನವರು ಲೈಟೆಲ್ಲಾ ಆಫ್ ಮಾಡಿ ಮ್ಯೂಸಿಕ್ ಹಾಕಿ ಜೋರ್ಡನ್ ಹೆಸರನ್ನ ಎಳೆದೂ ಎಳೆದೂ ಕೂಗಿದ್ದು ಎಲ್ಲರಿಗೂ ಗೊತ್ತು, ಆಮೇಲೆ ಎಲ್ಲಾ ಕಡೆ ಅದೇ ಆಯ್ತು. ಚಿನ್ನಸ್ವಾಮೀಲಿ ಐಪಿಎಲ್ ನೋಡಿದವರಿಗೆ ನಾನು ಹೇಳೋದೇ ಬೇಡ, ಓವರ್ ಮಧ್ಯ ಡೀಜೆ ಆರ್‌ಸೀಬೀ ಆರ್‌ಸೀಬೀ ಅಂತ ಕಿರುಚಿಸಿ ಮನೆಗೆ ಬಂದ ಮೇಲೂ ಕಿವಿ ಗುಂಯ್ ಅಂತಿರುತ್ತೆ. ಖುಷಿ ಇಲ್ಲ ಅಂತ ಹೇಳ್ತಿಲ್ಲ, ನಾನೂ ಕಿರುಚಿದೀನಿ. ಆದ್ರೆ ಅಲ್ಲಿ ಎದುರು ಟೀಮಿನವನ ಹೆಸರು ಹೇಗೆ ಹೇಳ್ತಾರೆ ಗಮನಿಸಿ. ತಮ್ಮವನಿಗೆ ಹತ್ತು ಸೆಕೆಂಡ್, ಅವನಿಗೆ ಅರ್ಧ.

ಶೆಪರ್ಡ್ ಹತ್ರ ಆ ಭೇದ ಇರ್ಲಿಲ್ಲ. ಮ್ಯಾಂಟಲ್‌ಗೆ ಎಷ್ಟು ತೂಕವೋ, ಮೊನ್ನೆ ತಾನೇ ಕೆಳಗಿನ ಹಂತದ ಮೈನರ್ ಲೀಗಿಂದ ಬಂದು ಮುಂದಿನ ವಾರ ವಾಪಸ್ ಹೋಗೋ ಹುಡುಗನಿಗೂ ಅಷ್ಟೇ, ಬಾಸ್ಟನ್‌ನವನಿಗೂ ಅಷ್ಟೇ. ಯಾಂಕೀಸ್, ರೆಡ್ ಸಾಕ್ಸ್ ಅಂದ್ರೆ ಹಾವು ಮುಂಗುಸಿ. ಆದ್ರೂ ಅವರ ಬಗ್ಗೆ ಎಲ್ಲರೂ ನೆನೆಸ್ಕೊಳ್ಳೋ ಮಾತು ಬಂದಿರೋದು ರೆಡ್ ಸಾಕ್ಸ್‌ನ ಕಾರ್ಲ್ ಯಸ್ಟ್ರೆಮ್ಸ್ಕಿಯಿಂದ: ಬಾಬ್ ಶೆಪರ್ಡ್ ನಿನ್ನ ಹೆಸರು ಕರೆಯೋವರೆಗೂ ನೀನು ಮೇಜರ್ ಲೀಗಿಗೆ ಬಂದ ಹಾಗಲ್ಲ ಅಂತ. ಶತ್ರು ಪಾಳಯದ ಸರ್ಟಿಫಿಕೇಟು ಅದು. ಇನ್ನು ದೇವರ ದನಿ ಅಂತ ಬಿರುದು ಕೊಟ್ಟಿದ್ದು ಯಾಂಕೀಸ್‌ನಲ್ಲಿ ಆಡಿದ ರೆಜ್ಜಿ ಜಾಕ್ಸನ್, ಅದೇ ಎಲ್ಲಾ ಕಡೆ ಓಡಾಡ್ತಿದೆ, ನನಗೆ ಯಸ್ಟ್ರೆಮ್ಸ್ಕಿ ಮಾತೇ ಹೆಚ್ಚು ಹಿಡಿಸುತ್ತೆ.

ಹೆಸರಿನ ವಿಷಯ. ಇಲ್ಲಿ ಕೂತಿರೋ ಪ್ರತಿಯೊಬ್ಬರಿಗೂ ಇದು ಗೊತ್ತಿರೋ ಸಂಕಟ. ಡಾಕ್ಟರ್ ಆಫೀಸಲ್ಲಿ ನರ್ಸ್ ಬಾಗಿಲು ತೆಗೆದು ಫೈಲ್ ನೋಡಿ ಒಂದು ಕ್ಷಣ ಸುಮ್ಮನಾದ್ರು ಅಂದ್ರೆ ನಮ್ಮ ಸರದಿ ಬಂತು ಅಂತ ಎದ್ದು ನಿಲ್ತೀವಿ, ಹೆಸರು ಹೇಳೋ ಕಷ್ಟವನ್ನೂ ಕೊಡಲ್ಲ. ಮಕ್ಕಳ ಗ್ರಾಜುಯೇಷನ್‌ನಲ್ಲಿ ನಾಲ್ಕು ವರ್ಷ ಫೀಸ್ ಕಟ್ಟಿ ಸ್ಟೇಜ್ ಮೇಲೆ ಆ ಮೂರು ಸೆಕೆಂಡಿಗೋಸ್ಕರ ಕಾದಿರ್ತೀವಿ, ಅಲ್ಲಿ ಮೃತ್ಯುಂಜಯ ಏನೇನೋ ಆಗಿರುತ್ತೆ. ಇಂಥಾ ದೇಶದಲ್ಲಿ ಐವತ್ತರ ದಶಕದಲ್ಲೇ ಈ ಮೇಷ್ಟ್ರು ಆಟಕ್ಕೆ ಮುಂಚೆ ಹೊರಗಿನ ಟೀಮಿನ ಕಡೆ ಹೋಗಿ, ಹೊಸ ಆಟಗಾರನ ಹತ್ರ ನಿಂತು, ನಿನ್ನ ಹೆಸರು ನೀನು ಹೇಗೆ ಹೇಳ್ತೀಯಪ್ಪಾ ಅಂತ ಕೇಳ್ತಿದ್ರು. ಪತ್ರಿಕೆಯವರು ಹೇಗೆ ಹೇಳ್ತಾರೆ ಅಲ್ಲ, ನೀನು ಹೇಗೆ ಹೇಳ್ತೀಯ. ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾ, ಮೆಕ್ಸಿಕೊ, ಆಮೇಲೆ ಜಪಾನ್, ಹೀಗೆ ಬೇಸ್‌ಬಾಲಿಗೆ ಹೊರಗಿನವರು ಬಂದಷ್ಟೂ ಅವರಿಗೆ ಹಬ್ಬ. ಸ್ಮಿತ್, ಜೋನ್ಸ್ ಹೇಳಿ ಹೇಳಿ ಸಾಕಾಗಿತ್ತು ಅಂತ ಕಾಣುತ್ತೆ. ಇಷ್ಟದ ಹೆಸರುಗಳ ಪಟ್ಟಿ ಕೇಳಿದ್ರೆ ಹೋಸೆ ವಾಲ್ದಿವಿಯೆಲ್ಸೊ, ಸಲೋಮೆ ಬರೋಹಾಸ್, ಆಲ್ವಾರೊ ಎಸ್ಪಿನೋಸಾ, ಶಿಗೆತೋಶಿ ಹಸೆಗಾವಾ ಅಂತೆಲ್ಲಾ ಬರೋದು. ಇವರಲ್ಲಿ ಯಾರೂ ದೊಡ್ಡ ಸ್ಟಾರ್ ಅಲ್ಲ. ಸ್ವರಗಳು ಜಾಸ್ತಿ ಇರೋ ಹೆಸರು, ಬಾಯ್ತುಂಬಾ ಹೇಳ್ಬಹುದು, ಅದಕ್ಕೆ ಇಷ್ಟ.

ಲೆಕ್ಕ ಬೇಕು ಅನ್ನೋರಿಗೆ: 4,500ಕ್ಕೂ ಹೆಚ್ಚು ಯಾಂಕೀಸ್ ಪಂದ್ಯ, 22 ವರ್ಲ್ಡ್ ಸೀರೀಸ್, ಅಂದ್ರೆ ಸೀಸನ್ ಕೊನೆಯ ಫೈನಲ್. ಒಂದು ಪಂದ್ಯದಲ್ಲಿ ಎರಡೂ ಟೀಮ್ ಸೇರಿ ಬ್ಯಾಟರ್‌ಗಳು ಸುಮಾರು 75 ಸಲ ಬರ್ತಾರೆ ಅಂತ ಇಟ್ಕೊಂಡ್ರೂ ಮೂರು ಲಕ್ಷಕ್ಕೂ ಮೇಲೆ ಹೆಸರು ಕರೆದ ಹಾಗಾಯ್ತು. ಇದರ ಜೊತೆ ನ್ಯೂಯಾರ್ಕಿನ ಫುಟ್‌ಬಾಲ್ ಟೀಮ್ ಜೈಂಟ್ಸ್‌ಗೆ 1956ರಿಂದ 2005ರವರೆಗೆ, ಅದು ಬೇರೆ ಖಾತೆ. 1956ರ ಅಕ್ಟೋಬರ್ 8ರಂದು ವರ್ಲ್ಡ್ ಸೀರೀಸ್‌ನಲ್ಲಿ ಡಾನ್ ಲಾರ್ಸನ್ ಅನ್ನೋ ಸಾಧಾರಣ ಪಿಚರ್ ಬ್ರೂಕ್ಲಿನ್‌ನ ಇಪ್ಪತ್ತೇಳು ಜನಕ್ಕೆ ಇಪ್ಪತ್ತೇಳೂ ಜನಾನ ಔಟ್ ಮಾಡಿದ, ಒಬ್ಬರೂ ಫಸ್ಟ್ ಬೇಸ್ ಮುಟ್ಟಲಿಲ್ಲ. ಅದಕ್ಕೆ ಪರ್ಫೆಕ್ಟ್ ಗೇಮ್ ಅಂತಾರೆ, ವರ್ಲ್ಡ್ ಸೀರೀಸಲ್ಲಿ ಮುಂದೆಂದೂ ಇನ್ನೊಂದು ಆಗಿಲ್ಲ. ಕೊನೇ ಬ್ಯಾಟರ್ ಡೇಲ್ ಮಿಚೆಲ್ ಬಂದಾಗ ಇಡೀ ಸ್ಟೇಡಿಯಂ ಉಸಿರು ಬಿಗಿ ಹಿಡಿದಿತ್ತು, ಆ ಹೆಸರನ್ನೂ ಕರೆದಿದ್ದು ಇವರೇ. ಅಂಥಾ ಹೊತ್ತಲ್ಲಿ ನಾನಾಗಿದ್ರೆ ಏನಾದ್ರೂ ಒಂದು ಮಾತು ಸೇರಿಸದೆ ಇರ್ತಿರ್ಲಿಲ್ಲ. ನಮ್ಮ ರಾಜ್ಯೋತ್ಸವ ಕಾರ್ಯಕ್ರಮಗಳಲ್ಲಿ ನಿರೂಪಣೆ ಮಾಡೋರಿಗೆ ಹೇಳ್ತಿದೀನಿ, ನನ್ನನ್ನೂ ಸೇರಿಸ್ಕೊಂಡು: ಐದು ನಿಮಿಷ ಹಾಡೋ ಹುಡುಗಿಗೆ ಏಳು ನಿಮಿಷ ಪೀಠಿಕೆ ಹಾಕಿ, ಗಾನಕೋಗಿಲೆ ಅಂತೆಲ್ಲಾ ಹೇಳಿ, ಕೊನೇಲಿ ಆ ಹುಡುಗಿ ಹೆಸರೇ ಮರೆಯೋ ಜನ ನಾವು. (ಇಲ್ಲಿ ಕಾರ್ಯದರ್ಶಿಗಳು ಗಡಿಯಾರ ತೋರಿಸಿದ್ರು, ಎಲ್ಲರೂ ನಕ್ಕರು.)

ಇಂಥವರನ್ನ ಗೌರವಿಸೋದು ಹೇಗೆ ಅನ್ನೋದು ಸುಲಭದ ಪ್ರಶ್ನೆ ಅಲ್ಲ. ಯಾಂಕೀಸ್‌ನವರು 2000ದ ಮೇ 7ನೇ ತಾರೀಕು ಬಾಬ್ ಶೆಪರ್ಡ್ ದಿನ ಅಂತ ಮಾಡಿದ್ರು. ಸ್ಟೇಡಿಯಂನ ಮಾನ್ಯುಮೆಂಟ್ ಪಾರ್ಕ್‌ನಲ್ಲಿ ರೂತ್, ಗೆರಿಗ್, ಡಿಮಾಜಿಯೊ ಇರೋ ಕಡೆ ಇವರದ್ದೂ ಒಂದು ಫಲಕ. ಅದರಲ್ಲಿ ಬರೆಸಿರೋದು ಸರಿಯಾಗಿದೆ, ಹೆಸರಾಂತ ಆಟಗಾರರನ್ನೂ ಯಾರಿಗೂ ಗೊತ್ತಿಲ್ಲದವರನ್ನೂ ಒಂದೇ ಗೌರವದಿಂದ ಕರೆದವರು ಅನ್ನೋ ಅರ್ಥದ ಮಾತು. 2009ರಲ್ಲಿ ಹೊಸ ಸ್ಟೇಡಿಯಂ ಶುರುವಾದಾಗ ಪತ್ರಕರ್ತರ ಊಟದ ಹಾಲಿಗೆ ಇವರ ಹೆಸರಿಟ್ರು. ಅದಕ್ಕೆ ಎರಡು ವರ್ಷ ಮುಂಚೆ, 2007ರ ಸೆಪ್ಟೆಂಬರ್ 5ಕ್ಕೆ ಇವರು ಕೊನೇ ಸಲ ಮೈಕ್ ಮುಂದೆ ಕೂತಿದ್ದು, ತೊಂಬತ್ತಾರು ವಯಸ್ಸು, ಆಮೇಲೆ ಹುಷಾರು ತಪ್ಪಿ ಬರೋಕಾಗ್ಲೇ ಇಲ್ಲ. 2008ರಲ್ಲಿ ಹಳೇ ಸ್ಟೇಡಿಯಂನ ಕೊನೇ ಪಂದ್ಯಕ್ಕೂ ಬರೋಕಾಗದೆ ರೆಕಾರ್ಡ್ ಮಾಡಿ ಕಳಿಸಿದ್ರು.

ಆದ್ರೆ ಫಲಕಕ್ಕಿಂತ ದೊಡ್ಡ ಗೌರವ ಅಂದ್ರೆ ಡೆರೆಕ್ ಜೀಟರ್ ಮಾಡಿದ್ದು. ಯಾಂಕೀಸ್‌ನ ಶಾರ್ಟ್‌ಸ್ಟಾಪ್, ಕ್ಯಾಪ್ಟನ್, ಆ ಕಾಲದ ಅತಿ ದೊಡ್ಡ ಹೆಸರು. ಶೆಪರ್ಡ್ ಇನ್ನು ಬರಲ್ಲ ಅಂತ ಗೊತ್ತಾದಾಗ, ನನ್ನ ಹೆಸರನ್ನ ಅವರ ದನೀಲೇ ರೆಕಾರ್ಡ್ ಮಾಡಿಸಿ, ನಾನು ಆಡೋವರೆಗೂ ಅದನ್ನೇ ಹಾಕಿ ಅಂತ ಕೇಳ್ಕೊಂಡ. ಹಾಗೇ ಆಯ್ತು. ಬೇರೆ ಎಲ್ಲರನ್ನೂ ಹೊಸ ಅನೌನ್ಸರ್ ಪಾಲ್ ಓಲ್ಡನ್ ಕರೀತಿದ್ರು, ಜೀಟರ್ ಬಂದಾಗ ಮಾತ್ರ ಹಳೇ ದನಿ, ನಂಬರ್ ಟೂ, ಡೆರೆಕ್ ಜೀಟರ್, ನಂಬರ್ ಟೂ. 2010ರ ಜುಲೈ 11ಕ್ಕೆ ಶೆಪರ್ಡ್ ತೀರಿಕೊಂಡ್ರು, ಎರಡೇ ದಿನಕ್ಕೆ ಟೀಮಿನ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನರ್ ಕೂಡ ಹೋದ್ರು. ಜುಲೈ 16ಕ್ಕೆ ತವರಲ್ಲಿ ಮೊದಲ ಪಂದ್ಯ. ಯಾಂಕೀಸ್ ಪಿಚರ್ ಮರಿಯಾನೊ ರಿವೆರಾ ಹೋಮ್ ಪ್ಲೇಟ್ ಮೇಲೆ ಎರಡು ಗುಲಾಬಿ ಇಟ್ಟ. ಶೆಪರ್ಡ್ ಗೌರವಕ್ಕೆ ಅವತ್ತು ಅನೌನ್ಸರ್ ಮೈಕ್ ಬಂದ್, ಬ್ಯಾಟರ್‌ಗಳು ಬಂದ್ರು ಹೋದ್ರು, ಹೆಸರು ಕರೆಯೋರಿಲ್ಲ. ಆಮೇಲೂ ನಾಲ್ಕು ವರ್ಷ ಜೀಟರ್‌ಗೆ ಮಾತ್ರ ಆ ರೆಕಾರ್ಡಿಂಗ್ ನಡೀತಾನೇ ಇತ್ತು. 2014ರ ಸೆಪ್ಟೆಂಬರ್ 25, ಅವನ ಕೊನೆಯ ತವರು ಪಂದ್ಯ, ಒಂಬತ್ತನೇ ಇನ್ನಿಂಗ್ಸು, ಸ್ಕೋರ್ ಸಮ, ಸತ್ತು ನಾಲ್ಕು ವರ್ಷವಾದ ಮೇಷ್ಟ್ರು ಹೆಸರು ಕರೀತಾರೆ, ಇವನು ಬಂದು ಮೊದಲ ಬಾಲಿಗೇ ಹೊಡೆದು ಪಂದ್ಯ ಗೆಲ್ಲಿಸಿಬಿಡ್ತಾನೆ. ಸಿನಿಮಾದಲ್ಲಿ ಹಾಕಿದ್ರೆ ಅತಿ ಆಯ್ತು ಅಂತ ಬೈತೀವಿ. 2017ರಲ್ಲಿ ಆ 2ನೇ ನಂಬರನ್ನೂ ಯಾರಿಗೂ ಕೊಡಲ್ಲ ಅಂತ ಎತ್ತಿಟ್ರು.

ನನ್ನ ಮಾತು ಇಷ್ಟೇ ಇತ್ತು, ಆದ್ರೆ ಕೊನೇಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನ ಬರೀಲೇಬೇಕು. ಹಿರಿಯರೊಬ್ರು ಎದ್ದು, ಏನಪ್ಪಾ, ನಿಮ್ಮ ಶೆಪರ್ಡ್‌ನ ಕ್ರಿಕೆಟ್ಟಿಗೆ ಕರ್ಕೊಂಡು ಬಂದಿದ್ರೆ ಏನ್ ಮಾಡ್ತಿದ್ದ ಅಂದ್ರು. ಕುಣಿದಾಡ್ತಿದ್ರು ಸಾರ್ ಅಂದೆ. ಶ್ರೀಲಂಕಾದ ಚಮಿಂಡ ವಾಸ್‌ನ ಪೂರ್ತಿ ಹೆಸರು ವರ್ಣಕುಲಸೂರಿಯ ಪಟಬೆಂದಿಗೆ ಉಶಾಂತ ಜೋಸೆಫ್ ಚಮಿಂಡ ವಾಸ್, ಅದನ್ನ ಅವರು ಹೇಳಿ ಮುಗಿಸೋ ಹೊತ್ತಿಗೆ ಓವರ್ ಅರ್ಧ ಆಗಿರೋದು. ಆಗ ಪಕ್ಕದಲ್ಲಿದ್ದ ಅವರ ಶ್ರೀಮತಿಯವರು, ಅದೆಲ್ಲಾ ಬೇಡ, ನಮ್ಮ ಗುಂಡಪ್ಪ ವಿಶ್ವನಾಥ್ ಹೇಳ್ಸಿ ನೋಡೋಣ, ಆ ಪ್ಪ ಬರುತ್ತಾ ಅವರಿಗೆ ಅಂದ್ರು. ಕೇಳ್ಕೊಂಡೇ ಹೇಳ್ತಿದ್ರು ಅಮ್ಮ, ಪ್ರಾಕ್ಟೀಸ್ ಹೊತ್ತಿಗೇ ವಿಶಿ ಹತ್ರ ಬಂದು ನಿಂತು ಎರಡು ಸಲ ಹೇಳಿಸ್ಕೊಂಡು ಹೋಗಿರ್ತಿದ್ರು. ನಂಬರಿಗೆ ಮಾತ್ರ ಕಷ್ಟ ಆಗ್ತಿತ್ತು, ಟೆಸ್ಟ್ ಶರ್ಟಿನ ಬೆನ್ನಿಗೆ ನಂಬರ್ ಬಂದಿದ್ದೇ 2019ರಲ್ಲಿ.